ಕಟ್ಟೆಯ ಮೇಲಿನ ಊಟ

ಬಿಸಿ ಅನ್ನ ಬಾಳೆ ಎಲೆಯ ಮೇಲೆ ಬಿದ್ದ ಕೂಡಲೇ ಒಂದು ವಾಸನೆ ಏಳುತ್ತದೆ, ನಿಮಗೂ ಗೊತ್ತಿರಬೇಕು. ಇವತ್ತು ಬೆಳಿಗ್ಗೆ ನೈವೇದ್ಯಕ್ಕೆಂದು ಸಣ್ಣ ಎಲೆಯೊಂದರ ಮೇಲೆ ಅನ್ನ ಹಾಕಿದವಳು, ಆ ವಾಸನೆಗೆ ಸೌಟು ಹಿಡಿದುಕೊಂಡೇ ನಿಂತುಬಿಟ್ಟೆ. "ಹಾಲು ಉಕ್ಕತೈತಿ ನೋಡು" ಎಂದು ಗಿರಿಜಾ ಹಿತ್ತಲಿನಿಂದ ಹೇಳುವಷ್ಟರಲ್ಲಿ ಉಕ್ಕಿಯೇ ಹೋಗಿತ್ತು. ಒಲೆಯ ಮುಂದೆ ನಿಂತು ಯೋಚನೆ ಮಾಡುವುದು ನನ್ನ ಹಳೆಯ ಚಟ. ಅದರಿಂದ ಈ ಮನೆಯಲ್ಲಿ ಸೀದ ಪಾತ್ರೆಗಳನ್ನೆಲ್ಲ ಉಜ್ಜಿದವಳು ಗಿರಿಜಾ.

ಇವತ್ತು ನಮ್ಮಲ್ಲಿ ಊಟಕ್ಕೆ ಬೀಗರು ಬರುವವರಿದ್ದರು. ನನ್ನ ತಮ್ಮ ರಾಘುವಿನ ಮಗಳಿಗೆ ಗಂಡು ಗೊತ್ತಾಗಿದೆ. ಹುಡುಗನ ತಂದೆ, ತಾಯಿ, ಅಜ್ಜಿ ಹಂಪಿ ನೋಡಲು ಹೊರಟವರು, ದಾರಿಯಲ್ಲಿ ಹೊಸಪೇಟೆಯಲ್ಲಿರುವ ಹುಡುಗಿಯ ಸೋದರತ್ತೆಯ, ಅಂದರೆ ನನ್ನ, ಮನೆಯನ್ನೂ ಕಂಡು ಹೋಗುತ್ತೇವೆ ಎಂದಿದ್ದರು. ನಿನ್ನೆ ರಾಘು ಫೋನು ಮಾಡಿ, ಅಡುಗೆ ಏನೇನು ಎಂದು ಕೇಳಿ, ಹವಾಮಾನ ಮಾತಾಡಿ, ಕೊನೆಗೆ ವಿಷಯಕ್ಕೆ ಬಂದ. "ಅಕ್ಕ, ಗಿರಿಜಕ್ಕನ್ನ ದೋಣಿಮಲೈ ಕಾಲದ ಗೆಳತಿ, ಊರಿಂದ ಬಂದಾರ ಅಂತ ಹೇಳಿಬಿಡು. ಸುಮ್ನ ಯಾಕ." ನಾನು ನೋಡೋಣ ಎಂದೆ. ಹುಡುಗಿ ಎಲ್ಲವನ್ನೂ ಹುಡುಗನಿಗೆ ಎಂದೋ ಹೇಳಿದ್ದಾಳೆ. ಹಿರಿಯರಿಗೆ ಹೇಳುವ ಕೆಲಸ ಮಾತ್ರ ಹಿರಿಯರ ಪಾಲಿಗೆ ಉಳಿದಿತ್ತು.

ಊರಿಂದ ಬಂದಿದ್ದಾಳೆ! ಈ ಮನೆಯ ಉಪ್ಪಿನ ಡಬ್ಬಿ ಎಲ್ಲಿದೆ ಎಂದು ನನಗಿಂತ ಮೊದಲು ಗೊತ್ತಾಗುವುದು ಅವಳಿಗೆ.

ನಾವು ಮೊದಲು ಒಬ್ಬರನ್ನೊಬ್ಬರು ಕಂಡದ್ದು ಅದಿರಿನ ಗಣಿಯ ಊರಾದ ದೋಣಿಮಲೈಯಲ್ಲಿ. ನಾನು ಅಲ್ಲಿನ ಶಾಲೆಗೆ ಟೀಚರಾಗಿ ಹೋದೆ, ಅವಳು ಆಸ್ಪತ್ರೆಗೆ ನರ್ಸಾಗಿ ಬಂದಿದ್ದಳು. ಮದುವೆಯಾಗದ ಹೆಣ್ಣುಮಕ್ಕಳಿಗೆ ಇಬ್ಬಿಬ್ಬರಿಗೊಂದು ಕ್ವಾರ್ಟರ್ಸ್. ಮೊಬೈಲು ಇನ್ನೂ ಬಂದಿರದ ಕಾಲ ಅದು. ನನ್ನನ್ನು ಬಿಡಲು ಬಂದ ಅಮ್ಮ, ಹೊಸಪೇಟೆ ಚಿತ್ತವಾಡ್ಗಿಯ ವೈಷ್ಣವರ ಮನೆಯ ಹೆಣ್ಣುಮಗಳು ಕಂಪ್ಲಿಯ ಗದ್ದೆ ಕಡೆಯವಳ ಜೊತೆ ಹೇಗಿರುತ್ತಾಳೋ ಎಂದು ಮೊದಲು ಮುಖ ಸಣ್ಣದು ಮಾಡಿದಳು. ಆದರೆ ಅವಳಿಗೆ ಗಂಡು ಹುಡುಗರ ಭಯ ಅದಕ್ಕಿಂತ ದೊಡ್ಡದು. ಹೊರಡುವಾಗ ಗಿರಿಜಾಳ ಕೈ ಹಿಡಿದು, ಇವಳು ಎಲ್ಲಿ ಹೋದರೂ ನೀನು ಜೊತೆಗಿರವ್ವಾ, ಯಾರ ಕಣ್ಣಿಗೂ ಬೀಳದ ಹಾಗೆ ನೋಡಿಕೋ ಎಂದು ಒಪ್ಪಿಸಿದಳು.

"ನೋಡ್ಕೋತೀನ್ರಿ ಅಮ್ಮಾ. ನೀವು ಚಿಂತಿ ಬಿಡ್ರಿ."

ಕೊಟ್ಟ ಮಾತನ್ನು ಇಷ್ಟು ಚೆನ್ನಾಗಿ ಉಳಿಸಿಕೊಂಡ ಇನ್ನೊಬ್ಬರನ್ನು ನಾನು ಕಂಡಿಲ್ಲ.

ದೋಣಿಮಲೈಯ ಕೆಂಪು ಧೂಳು ನೋಡಿದವರಿಗೇ ಗೊತ್ತು. ಬಿಳಿ ಬಟ್ಟೆ ಅಲ್ಲಿ ಒಂದು ವಾರಕ್ಕಿಂತ ಹೆಚ್ಚು ಬಿಳಿಯಾಗಿರುವುದಿಲ್ಲ. ಅವಳ ಯೂನಿಫಾರಂ, ನನ್ನ ಕಾಟನ್ ಸೀರೆ, ಎಲ್ಲಕ್ಕೂ ಭಾನುವಾರ ಗಂಜಿ. ಒಣಗಿದ ಸೀರೆಯ ಒಂದು ತುದಿ ಅವಳು, ಇನ್ನೊಂದು ತುದಿ ನಾನು ಹಿಡಿದು ಜಗ್ಗಿ, ಮಡಿಸುತ್ತಾ ಮಡಿಸುತ್ತಾ ಹತ್ತಿರ ಬರುವುದು. ಹತ್ತಿರ ಬಂದಾಗ ಬೆರಳು ತಾಗುತ್ತಿತ್ತು. ಆಮೇಲಾಮೇಲೆ ನಾನು ಗಂಜಿ ಬೇಡದ ಸೀರೆಗೂ ಗಂಜಿ ಹಾಕತೊಡಗಿದೆ.

ಒಂದು ರಜೆಯಲ್ಲಿ ಹಂಪಿಗೆ ಹೋಗಿದ್ದೆವು. ಹೊಳೆಯ ದಡದಲ್ಲಿ ಹರಿಗೋಲಿಗೆ ಕಾಯುತ್ತ ಕುಳಿತಾಗ ಅವಳು, ಹೊಳೆಯನ್ನು ನೋಡುತ್ತಲೇ, "ನನಗ ಮದಿವಿ ಬ್ಯಾಡ. ನೀ ಇದ್ರ ಸಾಕು" ಎಂದಳು. ನನಗೆ ಸ್ಪಷ್ಟವಾಗಿ ಕೇಳಿಸಿತ್ತು. ಆದರೂ ಏನಂದೆ ಎಂದು ಕೇಳಿದೆ. ಮಕ್ಕಳ ಕೈಲಿ ಉತ್ತರವನ್ನು ಎರಡೆರಡು ಸಲ ಹೇಳಿಸುವ ಉದ್ಯೋಗದವಳು ನಾನು. ಅವಳು ಎರಡನೇ ಸಲ ಹೇಳಲಿಲ್ಲ. ಹರಿಗೋಲು ಬಂತು, ಹತ್ತಿದೆವು.

ಅಲ್ಲಿಂದ ನನಗೆ ಹೆದರಿಕೆ ಹತ್ತಿತು. ಹೆಣ್ಣು ಹೆಣ್ಣನ್ನು ಹೀಗೆ ಬಯಸುವುದು ಎಲ್ಲಿಯೂ ಇಲ್ಲದ್ದು, ನನಗೊಬ್ಬಳಿಗೇ ಬಂದ ರೋಗ ಎಂದುಕೊಂಡೆ. ಕೇಳೋಣವೆಂದರೆ ಯಾರನ್ನು ಕೇಳುವುದು? ಮನೆಯಲ್ಲಿ ಕಲಿತದ್ದನ್ನೇ ಮಾಡಿದೆ. ಏಕಾದಶಿ ಹಿಡಿದೆ; ಹೊಟ್ಟೆ ಚುರುಗುಟ್ಟಿತು, ಮನಸ್ಸು ಇದ್ದಲ್ಲೇ ಇತ್ತು. ಊರಿಗೆ ಬಂದಾಗಲೆಲ್ಲ ನಮ್ಮ ಓಣಿಯ ಮಠಕ್ಕೆ ಹೋಗಿ, ಇದನ್ನು ನನ್ನಿಂದ ತೆಗೆದುಬಿಡಪ್ಪಾ ಎಂದು ಪ್ರದಕ್ಷಿಣೆ ಹಾಕುತ್ತಿದ್ದೆ. ಒಂದು ಬೆಳಿಗ್ಗೆ ಹಾಗೆ ಸುತ್ತುತ್ತಿರುವಾಗ, ಇದು ಅಂದರೆ ಯಾವುದು ಎಂಬ ಪ್ರಶ್ನೆ ಬಂತು. ಡ್ಯೂಟಿಯಿಂದ ಬಂದು ಕಾಲು ತೊಳೆದು, ನನಗಿಷ್ಟವೆಂದು ಅವಲಕ್ಕಿ ಒಗ್ಗರಣೆ ಹಾಕುವವಳು. ಜ್ವರ ಬಂದಾಗ ಬೈಯುತ್ತಲೇ ಹಣೆಗೆ ಒದ್ದೆ ಬಟ್ಟೆ ಇಡುವವಳು. ನನ್ನ ಬದುಕಿಗೆ ಬಂದ ಒಳ್ಳೆಯದನ್ನು ವಾಪಸು ತೆಗೆದುಕೋ ಎಂದು ದೇವರ ಸುತ್ತ ತಿರುಗುತ್ತಿದ್ದೇನಲ್ಲ! ಅರ್ಧ ಸುತ್ತಿಗೇ ನಿಂತೆ. ಹಿಂದೆ ಬರುತ್ತಿದ್ದ ಮುದುಕಿಯೊಬ್ಬಳು ಡಿಕ್ಕಿ ಹೊಡೆದು, ನಡೀಯೇ ತಾಯಿ, ನಡುದಾರಿಯಲ್ಲಿ ಏನು ನಿಂತಿ ಎಂದು ಗದರಿದಳು. ನಡೆದೆ. ಆದರೆ ಬೇಡುವುದನ್ನು ಬಿಟ್ಟೆ.

ಅದೇ ಹೊತ್ತಿಗೆ ಅಮ್ಮ ಒಂದು ಗಂಡು ನೋಡಿದಳು. ಅವರು ನೋಡಲು ಬರುವ ದಿನ ನನಗೆ ಹೆರಳು ಹಾಕಲೆಂದು ಕರೆಸಿದ್ದು ಯಾರನ್ನು ಎನ್ನುತ್ತೀರಿ? ಗಿರಿಜಾಳನ್ನು! ಅವಳು ಬಂದಳು, ಹೆರಳು ಹಾಕಿದಳು, ಮಲ್ಲಿಗೆ ಮುಡಿಸುವಾಗ ಪಿನ್ನು ನನ್ನ ತಲೆಗೆ ಚುಚ್ಚಿತು. ನಾನು ಎದ್ದು ಅಡುಗೆಮನೆಯ ಬಾಗಿಲಿಗೆ ಹೋದೆ. ಅಮ್ಮ ಮಡಿಯುಟ್ಟು ಹೂರಣ ತಿರುವುತ್ತಿದ್ದಳು. ಮಡಿಯಲ್ಲಿದ್ದವಳು ಮೈಲಿಗೆಯವರನ್ನು ಮುಟ್ಟುವ ಹಾಗಿಲ್ಲ. ನನ್ನ ಧೈರ್ಯದಲ್ಲಿ ಅದರ ಪಾಲೂ ಇತ್ತೆಂದು ಒಪ್ಪಿಕೊಳ್ಳುತ್ತೇನೆ. ಹೊಡೆಯಲೂ ಬರುವಂತಿರಲಿಲ್ಲ, ಅಪ್ಪಿಕೊಂಡು ಅತ್ತು ನನ್ನನ್ನು ಕರಗಿಸಲೂ ಬರುವಂತಿರಲಿಲ್ಲ.

"ಅಮ್ಮಾ, ನಾ ಮದುವಿ ಒಲ್ಲೆ. ಗಿರಿಜಾನ ಜೊತಿಗೇ ಇರ್ತೀನಿ."

"ಗೆಳತಿ ಜೊತಿ ಜೀವಮಾನ ಇರ್ತಾರೇನೇ, ಹುಚ್ಚೀ?"

"ಗೆಳತಿ ಅಲ್ಲಮ್ಮಾ."

ಸೌಟು ನಿಂತಿತು. ಹೂರಣ ತಳ ಹಿಡಿಯುವ ವಾಸನೆ ಬಂದರೂ ಅಮ್ಮ ಕದಲಲಿಲ್ಲ. ಆಮೇಲೆ ತಿರುಗಿ ನೋಡದೆ, "ಇನ್ನ ಮ್ಯಾಲೆ ಅಕಿ ಈ ಹೊಸ್ತಿಲ ದಾಟಬಾರದು" ಎಂದಳು.

"ಹಂಗಾದ್ರ ನಾನೂ ದಾಟಂಗಿಲ್ಲ."

ಹೇಳಿದಂತೆಯೇ ನಡೆದೆ. ಹಾಗೆಂದು ತವರನ್ನು ಬಿಡಲಿಲ್ಲ. ಪ್ರತಿ ತಿಂಗಳೂ ಇಬ್ಬರೂ ಬಸ್ಸು ಹತ್ತಿ ಬಂದು, ಮನೆಯ ಮುಂದಿನ ಕಟ್ಟೆಯ ಮೇಲೆ ಕೂಡುತ್ತಿದ್ದೆವು. ಒಳಗೆ ಬಾ ಎಂದು ನನ್ನನ್ನು ರಾಘು ಕರೆದರೆ, ಇಬ್ಬರನ್ನೂ ಕರೆದರೆ ಬರುತ್ತೇನೆ ಎನ್ನುತ್ತಿದ್ದೆ. ಓಣಿಗೆಲ್ಲ ನೋಟ. ಮೊದಮೊದಲು ಗಿರಿಜಾ, "ನಾ ಸ್ಟ್ಯಾಂಡಿನ್ಯಾಗ ಇರ್ತೀನಿ, ನೀ ಹೋಗಿ ಬಾ" ಎಂದು ಎದ್ದು ನಿಲ್ಲುತ್ತಿದ್ದಳು. ನಾನು ಸೆರಗು ಹಿಡಿದು ಕೂಡಿಸುತ್ತಿದ್ದೆ.

ಮಗಳು ಬಾಗಿಲಲ್ಲಿ ಹಸಿದು ಕೂತರೆ ತಾಯಿಗೆ ತುತ್ತು ಇಳಿಯುತ್ತದೆಯೇ? ಅಮ್ಮ ಎಲೆ ತಂದಳು. ಒಂದೇ ಎಲೆ, ನನಗೆ ಮಾತ್ರ. ನಾನು ಅದನ್ನು ಇಬ್ಬರ ನಡುವೆ ಎಳೆದುಕೊಂಡೆ. ಅವಳು ಅತ್ತಲಿಂದ, ನಾನು ಇತ್ತಲಿಂದ ಉಂಡೆವು. ನಮ್ಮ ಕಡೆ ಮದುವೆಯಲ್ಲಿ ಭೂಮ ಎಂದು ಒಂದು ಊಟವಿದೆ. ಹೊಸ ಗಂಡ ಹೆಂಡತಿ ಒಟ್ಟಿಗೆ ಕೂತು ಒಂದೇ ಎಲೆಯಲ್ಲಿ ಉಣ್ಣುವುದು. ಮೂರ್ನಾಲ್ಕು ತಿಂಗಳು ಹೀಗೆ ನಡೆದ ಮೇಲೆ ಎದುರುಮನೆಯ ಹೆಂಗಸು ರಂಗೋಲಿ ಹಾಕುತ್ತಿದ್ದವಳು ತಲೆಯೆತ್ತಿ, "ಏನ್ರೀ, ನಿಮ್ಮ ಮಗಳಿಗೆ ತಿಂಗಳಾ ಭೂಮ ಮಾಡಿಸ್ತೀರಲ್ರೀ" ಎಂದು ಅಮ್ಮನಿಗೆ ಕೇಳುವ ಹಾಗೆ ಅಂದಳು. ಗಿರಿಜಾಳಿಗೆ ಅನ್ನ ನೆತ್ತಿಗೇರಿತು. ನಾನು ನೀರು ಕೊಟ್ಟು ಬೆನ್ನು ತಟ್ಟಿದೆ, ಎಲ್ಲರೂ ನೋಡುತ್ತಿದ್ದಂತೆಯೇ.

ಮುಂದಿನ ತಿಂಗಳು ಅಮ್ಮ ಎರಡು ಎಲೆ ತಂದಳು! ಗಿರಿಜಾಳನ್ನು ಬೇರೆ ಮಾಡಲು ಹೋಗಿ ಅವಳಿಗೊಂದು ಎಲೆ ಹಾಕಲೇಬೇಕಾಯಿತು. ಎಲೆ ಹಾಕಿದ ಮೇಲೆ ಬಡಿಸಬೇಕು, ಬಡಿಸಿದ ಮೇಲೆ ಕೇಳಬೇಕು. ಬಹಳ ದಿನಗಳ ಮೇಲೆ ಒಮ್ಮೆ, ಗೋಡೆಯನ್ನು ನೋಡುತ್ತ, "ಸಾರಿಗೆ ಉಪ್ಪು ಸರಿ ಅದ ಏನು?" ಎಂದು ಅವಳನ್ನೇ ಕೇಳಿದಳು.

"ಸರಿ ಐತ್ರಿ ಅಮ್ಮಾ" ಎಂದಳು ಗಿರಿಜಾ. ಸಾರಿಗೆ ಅಂದು ಉಪ್ಪೇ ಇರಲಿಲ್ಲ.

ಒಳಗೆ ಮಾತ್ರ ಅಮ್ಮ ಕೊನೆಯವರೆಗೂ ಕರೆಯಲಿಲ್ಲ. ಅವಳಿಂದ ಆದದ್ದು ಅಷ್ಟು, ನಾನು ಅದಕ್ಕಾಗಿ ಕಾಯುತ್ತಲೂ ಇರಲಿಲ್ಲ. ಅವಳು ಹೋದ ದಿನ ಗಿರಿಜಾ ಯಾರನ್ನೂ ಕೇಳದೆ ಹೊಸ್ತಿಲು ದಾಟಿ ಹೋಗಿ, ಅಮ್ಮನ ತಲೆಯ ಹತ್ತಿರ ಕೂತಳು. ಯಾರೂ ಏಳು ಎನ್ನಲಿಲ್ಲ.

ಇಷ್ಟೆಲ್ಲ ಆದವಳು ನಾನು, ಹೊರಗಿನವರ ಮುಂದೆ ಮಾತ್ರ ಸುಳ್ಳಾಡಿಕೊಂಡೇ ಬಂದೆ. ಬಾಡಿಗೆ ಮನೆಯವರಿಗೆ ಚಿಕ್ಕಮ್ಮನ ಮಗಳು, ಸ್ಟಾಫ್ ರೂಮಿನಲ್ಲಿ ರೂಂಮೇಟು, ರೈಲಿನಲ್ಲಿ ನಾದಿನಿ. ಪ್ರತಿ ಸಲವೂ ಹೇಳಿ ಮುಗಿಸಿ, ನಂಬಿದರೋ ಇಲ್ಲವೋ ಎಂದು ಎದುರಿನವರ ಮುಖ ನೋಡುತ್ತಿದ್ದೆ.

ಮಧ್ಯಾಹ್ನ ರಾಘುವಿನ ಜೊತೆ ಬೀಗರು ಬಂದರು. ಕುಂದ್ರಿ, ಕೈಕಾಲು ತೊಳೆಯಿರಿ ಎಂಬ ಉಪಚಾರವೆಲ್ಲ ಆಗಿ ಪಂಕ್ತಿ ಕೂತಿತು. ಗಿರಿಜಾ ಪಲ್ಯ ಬಡಿಸುತ್ತ ಬಂದಾಗ ಹುಡುಗನ ಅಜ್ಜಿ ಅವಳನ್ನು ಮೇಲಿಂದ ಕೆಳಗೆ ನೋಡಿ, "ಇವ್ರು ಯಾರಾಗಬೇಕ್ರಿ ನಿಮಗ?" ಎಂದು ನನ್ನನ್ನು ಕೇಳಿದರು. ರಾಘು ಥಟ್ಟನೆ ಬಾಯಿ ತೆರೆದ. ನಾನು ಅವನಿಗಿಂತ ಮೊದಲು ಹೇಳಿದೆ.

"ಗಿರಿಜಾ ಅಂತ್ರಿ. ನಾವಿಬ್ರೂ ಕೂಡಿ ಸಂಸಾರ ಮಾಡ್ತೀವ್ರಿ, ಮೊದಲಿಂದ್ಲೂ. ನಾ ಮದುವಿ ಆಗಲಿಲ್ಲ, ಇಕಿ ಇದ್ಲು ಅಂತ."

ಪಲ್ಯದ ಚಮಚ ಪಾತ್ರೆಯ ಅಂಚಿಗೆ ಬಡಿದ ಸದ್ದಾಯಿತು. ಆಮೇಲೆ ಯಾರ ಮುಖ ಹೇಗಾಯಿತು, ಅಜ್ಜಿ ಏನಂದುಕೊಂಡರು, ನಾನು ನಿಮಗೆ ಹೇಳಲಾರೆ, ಈ ಸಲ ನಾನು ನೋಡಲೇ ಇಲ್ಲ. ಹುಡುಗನ ತಂದೆ ಮಜ್ಜಿಗೆ ಕೇಳಿದ್ದರು. ನಾನು ಮಜ್ಜಿಗೆ ತರಲು ಒಳಗೆ ಹೋದೆ.