ಟೈರಿಗೆ ಅಂಕ ಕೊಡುವವನು

ಇಲ್ಪೊ ಬದುಕಿದ್ದೆಲ್ಲ ಕೂತುಕೊಂಡೇ ಎಂದು ಉತ್ತರದ ಹಿಮಸೀಮೆಯ ನಮ್ಮ ಇವಾಲೊ ಕಡೆಯ ಜನ ಆಡಿಕೊಳ್ಳುತ್ತಾರೆ. ಅದರಲ್ಲಿ ಸುಳ್ಳೇನಿಲ್ಲ. ಇಪ್ಪತ್ತೆರಡು ವರ್ಷ ಅಂಚೆ ಬಸ್ಸಿನ ಚಾಲಕನ ಸೀಟು, ಆಮೇಲೆ ಹತ್ತೊಂಬತ್ತು ವರ್ಷ ಟೈರು ಪರೀಕ್ಷೆಯ ಕಾರಿನ ಸೀಟು, ಸಂಜೆಯಾದರೆ ಹಬೆಸ್ನಾನದ ಸೌನಾದ ಹಲಗೆ. ಈಗ ಅರವತ್ತಮೂರು ವರ್ಷ. ಮಾತು ಬಲು ತುಟ್ಟಿ. ನಮ್ಮ ಕಡೆ ಯಾರೂ ಅಂಥ ಮಾತಿನ ಮಲ್ಲರಲ್ಲ. ಅಂಥ ನಾವೇ ಇವನನ್ನು ಮೌನಿ ಎನ್ನುತ್ತೇವೆ ಎಂದ ಮೇಲೆ ನೀವೇ ಊಹಿಸಿಕೊಳ್ಳಿ.

ಚಳಿಗಾಲದ ಟೈರುಗಳಿಗೆ ಅಂಕ ಕೊಡುವುದು ಅವನ ಕೆಲಸ. ಬ್ರೇಕು ಒತ್ತಿದ ಮೇಲೆ ಕಾರು ಎಷ್ಟು ದೂರಕ್ಕೆ ನಿಲ್ಲುತ್ತದೆ ಎಂಬುದನ್ನು ಯಂತ್ರ ಅಳೆಯುತ್ತದೆ, ಅದಕ್ಕೆ ಇಲ್ಪೊ ಬೇಕಾಗಿಲ್ಲ. ಆದರೆ ತಿರುವಿನಲ್ಲಿ ಜಾರುವ ಮೊದಲು ಟೈರು ಚಾಲಕನಿಗೊಂದು ಸೂಚನೆ ಕೊಡುತ್ತದೋ, ಇಲ್ಲ ಹೇಳದೆ ಕೇಳದೆ ಕೈಬಿಡುತ್ತದೋ, ಜಾರಿದ ಮೇಲೆ ಮತ್ತೆ ಹಿಡಿತಕ್ಕೆ ಬರುತ್ತದೋ ಎಂಬುದು ಅಂಗೈಗೆ ಮತ್ತು ಸೊಂಟಕ್ಕೆ ತಿಳಿಯಬೇಕು. ಯಾವ ಕಂಪನಿಯ ಟೈರು ಎಂದು ಚಾಲಕನಿಗೆ ಹೇಳುವುದಿಲ್ಲ. ಮೆಕ್ಯಾನಿಕ್ ರೌನೊ ಶೆಡ್ಡಿನ ಬಾಗಿಲು ಹಾಕಿಕೊಂಡು ಚಕ್ರ ಬದಲಿಸುತ್ತಾನೆ. ಟೈರಿನ ಮೇಲಿನ ಹೆಸರನ್ನು ಉಜ್ಜಿ ಅಳಿಸಿರುತ್ತಾರೆ, ಕಾರಿನ ಗಾಜಿಗೆ ಒಂದು ಸಂಖ್ಯೆ ಅಂಟಿಸಿರುತ್ತಾರೆ, ಅಷ್ಟೆ. ಇಲ್ಪೊ ಕೆರೆಯ ಪಕ್ಕದ ಹಾದಿಯಲ್ಲಿ ಮೂರು ಸುತ್ತು ಹೊಡೆದು, ಹತ್ತಕ್ಕೆ ಇಷ್ಟು ಎಂದು ಅಂಕ ಹಾಕಿ, ಎದುರಿಗೆ ಒಂದು ಸಾಲು ಬರೆಯುತ್ತಾನೆ. “ತಡವಾಗಿ ಹೇಳುತ್ತದೆ.” “ಹೊಸ ಹಿಮದಲ್ಲಿ ಗಟ್ಟಿಗ, ಒದ್ದೆಯಲ್ಲಿ ಪುಕ್ಕಲು.” “ಕೋಪಿಷ್ಠ.” ಆಡದ ಮಾತನ್ನೆಲ್ಲ ಅವನು ಆ ಕಾಗದದ ಮೇಲೆ ಖರ್ಚು ಮಾಡುತ್ತಾನೆ ಎಂದು ರೌನೊ ನಗುತ್ತಾನೆ.

ಹಿಮ ಎಂದರೆ ಒಂದೇ ಎಂದುಕೊಳ್ಳುವವರು ನಮ್ಮ ರಸ್ತೆಗೆ ಬರಬಾರದು. ಮೈನಸ್ ಇಪ್ಪತ್ತೈದರ ಮಂಜುಗಡ್ಡೆ ಒಣಕಲಾಗಿ ಒರಟಾಗಿರುತ್ತದೆ, ಟೈರಿಗೆ ಹಿಡಿಯಲು ಏನೋ ಒಂದಿಷ್ಟು ಸಿಗುತ್ತದೆ. ಚಳಿ ಇಳಿದು ಸೊನ್ನೆಗೆ ಬಂತೋ, ಅದೇ ಗಡ್ಡೆಯ ಮೇಲೆ ನೀರಿನ ತೆಳು ಪದರ ನಿಲ್ಲುತ್ತದೆ. ಆಗ ಹಿಡಿತಕ್ಕೆಂದು ಮೈಗೆಲ್ಲ ಮೊಳೆ ಹೊಡೆದ ಟೈರೂ ತಡಬಡಾಯಿಸುತ್ತದೆ, ಮೊಳೆಯಿಲ್ಲದ್ದರ ಪಾಡು ದೇವರಿಗೇ ಪ್ರೀತಿ. ದಕ್ಷಿಣದಿಂದ ಬಂದವರು ಹವೆ ಬೆಚ್ಚಗಾಯಿತೆಂದು ಖುಷಿಯಾಗಿ ಕಾಲೊತ್ತುವುದು ಆ ದಿನವೇ, ಕಾಲುವೆಯಲ್ಲಿ ಮಗುಚಿಕೊಳ್ಳುವುದೂ ಆ ದಿನವೇ. ಇಲ್ಪೊನಿಗೆ ಇದೆಲ್ಲ ಅಂಚೆ ಬಸ್ಸಿನ ಕಾಲದಿಂದ ಮೈಗೆ ಹತ್ತಿದ ವಿದ್ಯೆ.

ಆ ವಿದ್ಯೆಯನ್ನು ಯಾರಿಗೂ ಹೇಳುವ ಹಾಗಿಲ್ಲ ಎಂಬುದೇ ಅವನ ಗ್ರಹಚಾರ. ಕೆಲಸಕ್ಕೆ ಸೇರುವಾಗಲೇ ಗುಟ್ಟು ಬಿಡುವುದಿಲ್ಲವೆಂದು ಸಹಿ ಹಾಕಿದ್ದಾನೆ. ಆರು ವರ್ಷದ ಹಿಂದೆ ಒಂದು ಅಕ್ಟೋಬರಿನಲ್ಲಿ ಪಕ್ಕದ ಮನೆಯ ಮಿರ್ಯಾ ಬೇಲಿಯ ಹತ್ತಿರ ನಿಂತು ಕೇಳಿದ್ದಳು. ಗಂಡ ತೀರಿಕೊಂಡ ಮೇಲೆ ಅವಳು ಮೊದಲ ಸಲ ತಾನೇ ಟೈರು ಕೊಳ್ಳಲು ಹೊರಟಿದ್ದಳು.

“ಇಲ್ಪೊ, ಯಾವ ಟೈರು ತಗೊಳ್ಲಿ ಹೇಳು.”

“ಹೇಳಕ್ಕಾಗಲ್ಲ.”

“ಗೊತ್ತಿಲ್ವಾ, ಹೇಳಲ್ವಾ?”

“ಎರಡೂ.”

“ಮೊಳೆ ಇರೋದಾ, ಇಲ್ದೇ ಇರೋದಾ, ಅಷ್ಟಾದ್ರೂ ಬಾಯಿ ಬಿಡು ಮಾರಾಯ.”

ಇಲ್ಪೊ ಬಹಳ ಹೊತ್ತು ಯೋಚಿಸಿದ. “ನಿಧಾನಕ್ಕೆ ಓಡ್ಸು,” ಎಂದ.

ಶನಿವಾರ ಶನಿವಾರ ಅವಳ ಒಲೆಯಿಂದ ಅವನ ಬಾಗಿಲಿಗೆ ಬರುತ್ತಿದ್ದ ನೀಲಿ ಹಣ್ಣಿನ ಸಿಹಿ ಪೈ ಆ ವಾರದಿಂದ ನಿಂತುಹೋಯಿತು. ಅವಳು ಜಗಳವಾಡಲಿಲ್ಲ. ಕಾರಿನಲ್ಲಿ ಹೋಗುವಾಗ ಈಗಲೂ ಕೈ ಎತ್ತುತ್ತಾಳೆ, ಆದರೆ ಗಾಜು ಇಳಿಸುವುದಿಲ್ಲ. ಇಲ್ಪೊ ಒಂದಿಡೀ ವಾರ ಏನು ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಂಡ. ಬೇಲಿ ದಾಟಲಿಲ್ಲ. ಇದನ್ನು ಬರೆಯುವಾಗಲೂ ನನಗೆ ಅವನ ಮೇಲೆ ಸಿಟ್ಟು ಬರುತ್ತದೆ. ಹತ್ತು ಹೆಜ್ಜೆ ಇತ್ತು, ಅಷ್ಟೆ.

ಈ ಫೆಬ್ರವರಿಯ ಕೊನೆಯ ಗುರುವಾರ, ಮಧ್ಯಾಹ್ನದ ಊಟದ ಹೊತ್ತಿಗೆ, ಪರೀಕ್ಷೆಯ ಮುಖ್ಯಸ್ಥೆ ವೆನ್ಲಾ ಅವನನ್ನು ತನ್ನ ಕೋಣೆಗೆ ಕರೆದಳು. ಮೂವತ್ತನಾಲ್ಕರ ಹೆಣ್ಣು. ಚಿಕ್ಕವಳಿದ್ದಾಗ ಅವನ ಬಸ್ಸಿನಲ್ಲೇ ಶಾಲೆಗೆ ಹೋಗಿಬಂದವಳು, ಆ ಮರ್ಯಾದೆ ಇನ್ನೂ ಉಳಿಸಿಕೊಂಡಿದ್ದಾಳೆ. ಅವನ ಮುಂದೆ ಕಾಫಿ ಇಟ್ಟು, ಒಂದು ಹಾಳೆ ತಿರುಗಿಸಿ ತೋರಿಸಿದಳು.

“ಇದು ಅಳತೆ ಟೈರು. ಈ ಚಳಿಗಾಲದ್ದು. ನೀವೇ ನೋಡಿ.”

ಚಾಲಕರನ್ನೂ ಪರೀಕ್ಷೆ ಮಾಡಬೇಕಲ್ಲ. ಅದಕ್ಕಾಗಿ ಒಂದು ಜಾತಿಯ ಟೈರನ್ನು ಗೊತ್ತು ಮಾಡಿಟ್ಟು, ಬೇರೆ ಟೈರುಗಳ ನಡುವೆ, ಬೇರೆ ಬೇರೆ ಸಂಖ್ಯೆ ಹಾಕಿ, ದಿನಕ್ಕೆರಡು ಸಲ ಹೇಳದೆ ತೊಡಿಸುತ್ತಾರೆ. ಒಂದೇ ಟೈರಿಗೆ ಒಂದೇ ಅಂಕ ಬರಬೇಕು. ಅರ್ಧ ಅಂಕ ಆಚೀಚೆಯಾದರೆ ನಡೆಯುತ್ತದೆ. ಇಲ್ಪೊ ಹದಿನೆಂಟು ಚಳಿಗಾಲ ಅದಕ್ಕೆ ಏಳು ಕೊಟ್ಟಿದ್ದ. ಬೇರೆ ಚಾಲಕರು ಅವನನ್ನು ಗಡಿಯಾರ ಎಂದು ಕರೆಯುತ್ತಿದ್ದರು. ಈಗ ಹಾಳೆಯ ಮೇಲೆ ಏಳು, ಎಂಟೂವರೆ, ಆರು, ಮತ್ತೆ ಎಂಟು ಎಂದಿತ್ತು.

“ಬೆನ್ನು ನೋಯುತ್ತಾ?” ವೆನ್ಲಾ ಕೇಳಿದಳು. “ಇಲ್ಲ ಕೈ ಜೋಮು ಹಿಡಿಯುತ್ತಾ? ಹಾಗೇನಾದ್ರೂ ಇದ್ರೆ ಹೇಳಿ. ಡಾಕ್ಟರ ಚೀಟಿ ತನ್ನಿ, ನಾನು ಹಾಗೇ ಬರೀತೀನಿ. ಎಲ್ರೂ ಸೇರಿ ಒಂದು ಕೇಕು ಕತ್ತರಿಸಿ, ಗೌರವದಿಂದ ಕಳಿಸಿಕೊಡ್ತೀವಿ. ಯಾರೂ ಏನೂ ಕೇಳಲ್ಲ.”

“ಇಲ್ಲಾಂದ್ರೆ?”

“ನಾಳೆ ಇನ್ನೊಂದು ದಿನ ಓಡ್ಸಿ. ನಾಳೇನೂ ಹೀಗೇ ಆದ್ರೆ ನಿಮ್ಮನ್ನ ಕಾರಿನಿಂದ ಇಳಿಸಬೇಕಾಗುತ್ತೆ. ನನಗಿಷ್ಟ ಇದೆ ಅಂತ ತಿಳ್ಕೋಬೇಡಿ.”

ಇಲ್ಪೊ ಕಾಫಿ ಮುಗಿಸಿ ಎದ್ದ. ಬೆನ್ನಿಗೇನೂ ಆಗಿರಲಿಲ್ಲ. ಅವನ ಹೊಟ್ಟೆಯೊಳಗಿದ್ದದ್ದು ಬೇರೆ.

ಹಳೆಯ ಅಳತೆ ಟೈರನ್ನು ಅವನು ಗುರುತು ಹಿಡಿಯುತ್ತಿದ್ದ. ಯಾವ ಸಂಖ್ಯೆ ಅಂಟಿಸಿದರೂ ಸರಿ, ಎರಡನೇ ತಿರುವಿನಲ್ಲಿ ಕೈಬಿಡುವ ಮೊದಲು ಆ ಟೈರು ಸಣ್ಣಗೆ ನಡುಗುತ್ತಿತ್ತು, ಮನೆಯೊಳಗೆ ಬರುವ ಮೊದಲು ಹಿರಿಯರು ಕೆಮ್ಮುವ ಹಾಗೆ. “ಬಂದೆಯಾ” ಎಂದು ಇಲ್ಪೊ ಒಬ್ಬನೇ ಕಾರಿನಲ್ಲಿ ಹೇಳುತ್ತಿದ್ದ. ದಿನದಲ್ಲಿ ಅವನು ಇನ್ನೊಬ್ಬರಿಗೆಂದು ಆಡಿದ ಮಾತು ಅದೊಂದೇ ಆಗಿರುತ್ತಿದ್ದ ದಿನಗಳೂ ಇದ್ದವು. ಆಮೇಲೆ ಉಳಿದ ಸುತ್ತು ಮುಗಿಸಿ ಏಳು ಎಂದು ಬರೆಯುತ್ತಿದ್ದ. ಈ ಜನವರಿಯಲ್ಲಿ ಆ ಟೈರಿನ ತಯಾರಿ ನಿಂತಿತೆಂದು ನೋಟೀಸು ಹಾಕಿ ಬೇರೊಂದನ್ನು ತಂದರು. ಅಂದಿನಿಂದಲೇ ಗಡಿಯಾರ ಕೆಟ್ಟದ್ದು.

ಅಂದರೆ ತಾನು ಹದಿನೆಂಟು ವರ್ಷ ನಿಜಕ್ಕೂ ಟೈರಿನ ಮಾತು ಕೇಳಿಸಿಕೊಂಡಿದ್ದೆನೋ, ಇಲ್ಲ ಗುರುತಿನವನಿಗೆ ಗುರುತಿನ ಅಂಕ ಕೊಟ್ಟು ಭೇಷ್ ಅನ್ನಿಸಿಕೊಂಡಿದ್ದೆನೋ? ಹಾಗಾದರೆ ಉಳಿದ ಸಾವಿರಾರು ಟೈರುಗಳಿಗೆ ಕೊಟ್ಟ ಅಂಕಗಳ ಗತಿ ಏನು? ಅವನ್ನು ನಂಬಿ ಯಾರ್ಯಾರೋ ಮಕ್ಕಳನ್ನು ಕೂರಿಸಿಕೊಂಡು ರಸ್ತೆಗಿಳಿದಿದ್ದಾರೆ. ಮಿರ್ಯಾಳಿಗೆ ಹೇಳದೆ ಬಚ್ಚಿಟ್ಟುಕೊಂಡ ವಿದ್ಯೆ ತನ್ನಲ್ಲಿ ಇರಲೇ ಇಲ್ಲವೇ? ಅಂದು ಸಂಜೆ ಸೌನಾದ ಹಲಗೆಯ ಮೇಲೆ ಒಬ್ಬನೇ ಕೂತು ಬಿಸಿ ಕಲ್ಲಿಗೆ ನೀರು ಹಾಕುತ್ತ ಇಲ್ಪೊ ಇದನ್ನೇ ಯೋಚಿಸಿದ. ಕೆಲಸ ಹೋಗುವುದು ಅವನಿಗೆ ಅಷ್ಟು ದೊಡ್ಡದೆನಿಸಲಿಲ್ಲ. ಮದುವೆ, ಮಕ್ಕಳು, ಗೆಳೆಯರು ಯಾವುದೂ ಇಲ್ಲದ ಮನುಷ್ಯನಿಗೆ ತನ್ನದೆನ್ನಲು ಇದ್ದದ್ದು ಈ ಒಂದು ಅಂಗೈ. ಅದೂ ಸುಳ್ಳಾದರೆ ಏನುಳಿಯಿತು ಎಂದು ಅವನಿಗೆ ಭಯವಾಯಿತು.

ಶುಕ್ರವಾರ ಬೆಳಿಗ್ಗೆ ಹವೆ ತಿರುಗಿತ್ತು. ಹಿಂದಿನ ದಿನ ಮೈನಸ್ ಹದಿನೆಂಟು ಇದ್ದದ್ದು ಸೊನ್ನೆಗೆ ಬಂದು ನಿಂತಿತ್ತು, ಹಾದಿ ಕನ್ನಡಿಯಾಗಿತ್ತು.

“ನಿನ್ನ ಪರೀಕ್ಷೆಗೆ ದೇವ್ರು ಒಳ್ಳೇ ದಿನಾನೇ ಹುಡುಕಿದಾನೆ,” ಎಂದು ರೌನೊ ಶೆಡ್ಡಿನ ಬಾಗಿಲಲ್ಲಿ ನಿಂತು ಹೇಳಿದ. “ಇವತ್ತು ನಾನು ನಡ್ಕೊಂಡು ಬಂದ್ರೇನೇ ನನಗೆ ಮೂರು ಅಂಕ.”

“ಎರಡು,” ಎಂದ ಇಲ್ಪೊ.

“ಅಬ್ಬ, ಮಾತಾಡಿದ. ಬರ್ಕೊಳ್ರಪ್ಪ ಯಾರಾದ್ರೂ.”

ಎಂಟು ಸಲ ಚಕ್ರ ಬದಲಾಯಿತು. ಇಲ್ಪೊ ಪ್ರತಿ ಸಲವೂ ಸ್ಟೇರಿಂಗನ್ನು ಸಡಿಲವಾಗಿ ಹಿಡಿದು, ರೇಡಿಯೋ ಆರಿಸಿ, ಉಸಿರು ಬಿಗಿಹಿಡಿದು ಎರಡನೇ ತಿರುವಿಗೆ ಕಾದ. ಯಾವುದೂ ಕೆಮ್ಮಲಿಲ್ಲ. ನಾಲ್ಕನೆಯದು ಅಳತೆ ಟೈರು ಇರಬಹುದು ಎನಿಸಿತು, ಆರನೆಯದೂ ಇರಬಹುದು ಎನಿಸಿತು. ಊಹಿಸಿ ಏಳು ಎಂದು ಬರೆದುಬಿಟ್ಟರೆ ಬಚಾವಾಗಬಹುದಿತ್ತು. ಪೆನ್ಸಿಲು ಕಾಗದದ ಹತ್ತಿರ ಹೋಗಿ ನಿಂತಿತು. ಆಮೇಲೆ ಕೈಗೆ ತಿಳಿದಷ್ಟನ್ನೇ ಬರೆದ. ನಾಲ್ಕನೆಯದಕ್ಕೆ ಐದು, ಆರನೆಯದಕ್ಕೆ ಎಂಟು.

ಮಧ್ಯಾಹ್ನ ವೆನ್ಲಾ ಕರೆಯುವ ಮೊದಲೇ ಇಲ್ಪೊ ಅವಳ ಕೋಣೆಗೆ ಹೋಗಿ ಟೋಪಿ ತೆಗೆದು ಕೂತ.

“ನಾಲ್ಕನೇದೂ ಆರನೇದೂ ಒಂದೇನಾ?”

“ಒಂದೇ.” ಅವಳು ಕಣ್ಣು ತಪ್ಪಿಸಲಿಲ್ಲ. “ಚೀಟಿ ತನ್ನಿ ಇಲ್ಪೊ. ಬೆನ್ನು ಅಂತ ಬರೆಯೋಣ.”

“ಬೆನ್ನು ಅಲ್ಲ.” ಇಲ್ಪೊ ಟೋಪಿಯನ್ನು ಮೊಣಕಾಲ ಮೇಲೆ ಇಟ್ಟ, ಎತ್ತಿದ, ಮತ್ತೆ ಇಟ್ಟ. “ಹಳೇ ಅಳತೆ ಟೈರು ನನಗೆ ಗೊತ್ತಾಗ್ತಿತ್ತು. ಮೊದಲನೇ ವರ್ಷದಿಂದ್ಲೇ. ಗೊತ್ತಾದ್ಮೇಲೆ ಏಳು ಹಾಕ್ತಿದ್ದೆ. ಮೋಸ ಅಂತ ಅನ್ಸಿರಲಿಲ್ಲ, ಈಗ ಅನ್ಸುತ್ತೆ. ನಾನು ಕೊಟ್ಟ ಅಂಕ ಎಲ್ಲಾ ಇನ್ನೊಂದ್ಸಲ ನೋಡ್ಬೇಕಾಗುತ್ತೆ. ಹದಿನೆಂಟು ವರ್ಷದ್ದೂ.”

ಹತ್ತೊಂಬತ್ತು ವರ್ಷದಲ್ಲಿ ಆ ಕೋಣೆಯಲ್ಲಿ ಅವನು ಇಷ್ಟುದ್ದ ಮಾತಾಡಿದ್ದು ಇದೇ ಮೊದಲು. ವೆನ್ಲಾ ಎದ್ದು ಹೋಗಿ ಬಾಗಿಲು ಮುಚ್ಚಿ ಬಂದಳು.

“ನೀವಿನ್ನು ಓಡಿಸಲ್ಲ, ಅದಕ್ಕೇ ಹೇಳ್ತೀನಿ. ಅಳತೆ ಟೈರು ಎಲ್ಲರಿಗೂ ಗೊತ್ತಾಗುತ್ತೆ ಇಲ್ಪೊ. ಎರಡು ವರ್ಷ ಓಡಿಸಿದ್ರೆ ಯಾರಾದ್ರೂ ಗುರುತು ಹಿಡೀತಾರೆ. ನನಗಿಂತ ಮುಂಚೆ ಇದ್ದವರಿಗೂ ಇದು ಗೊತ್ತಿತ್ತು. ಅದಕ್ಕೇ ಇನ್ನೊಂದಿದೆ. ಅದನ್ನ ಯಾವ ಚಾಲಕನಿಗೂ ಹೇಳಿಲ್ಲ. ತಿಂಗಳಿಗೊಂದೋ ಎರಡೋ ಸಲ ಹಾಕ್ತೀವಿ, ಯಾರಿಗೂ ನೆನಪಲ್ಲಿ ಉಳೀಬಾರ್ದು ಅಂತ.”

“ಹೊಸ್ದಾ?”

“ನೀವು ಸೇರಿದಾಗಿಂದ ಅದೇ. ಬದಲಾಗೇ ಇಲ್ಲ.”

ಅವಳು ಬೀರುವಿನಿಂದ ಒಂದು ಹಳದಿ ಕಡತ ತೆಗೆದಳು. ತನ್ನ ಜೀವಮಾನದ ಉತ್ತರ ಆ ಕಡತದಲ್ಲಿದೆ ಎಂದು ಇಲ್ಪೊನಿಗೆ ಗೊತ್ತಾಯಿತು.

“ಹದಿನೆಂಟು ಚಳಿಗಾಲ,” ವೆನ್ಲಾ ಬೆರಳಿಟ್ಟು ಓದಿದಳು. “ಆರೂವರೆ. ಆರೂವರೆ. ಆರೂವರೆ. ಇಲ್ಲೊಂದ್ಸಲ ಆರು. ಮತ್ತೆ ಆರೂವರೆ. ಇಷ್ಟು ನೇರ ಇನ್ಯಾರದ್ದೂ ಇಲ್ಲ. ನೀವು ನಿಜವಾಗ್ಲೂ ಕೇಳಿಸ್ಕೊಂಡಿದೀರಿ. ಆ ವರ್ಷಗಳ ಯಾವ ಅಂಕಾನೂ ಮತ್ತೆ ನೋಡಬೇಕಾಗಿಲ್ಲ.”

ಇಲ್ಪೊನಿಗೆ ಸಂತೋಷವಾಯಿತು. ಎದೆಯ ತುಂಬ, ನಾಚಿಕೆಯಾಗುವಷ್ಟು ಸಂತೋಷ. ಎದ್ದು ಹೋಗಿ ಯಾರಿಗಾದರೂ ಹೇಳಬೇಕೆನಿಸಿತು, ಯಾರಿಗೆ ಎಂದು ತಿಳಿಯಲಿಲ್ಲ.

“ಎದುರಿಗೆ ಏನ್ ಬರ್ದಿದೀನಿ?” ಎಂದು ಕೇಳಿದ.

“‘ಮಾತು ಕಡಿಮೆ. ನಂಬಬಹುದು.’” ಅವಳು ಹಾಳೆ ತಿರುಗಿಸಿದಳು. “ಮುಂದಿನ ವರ್ಷ: ‘ಹೆಚ್ಚು ಹೇಳುವುದಿಲ್ಲ, ಆದರೆ ನಂಬಬಹುದು.’ ಅದರ ಮುಂದಿನದು: ‘ಮಾತು ಕಡಿಮೆ. ನಂಬಬಹುದು.’ ಹೊಸಬನನ್ನ ನೋಡಿದ ಹಾಗೆ ಪ್ರತಿ ವರ್ಷ ಬರ್ದಿದೀರಿ, ಅದನ್ನೇ ಬರ್ದಿದೀರಿ.”

“ಈ ವರ್ಷ?”

ವೆನ್ಲಾ ಕಡತ ಮುಚ್ಚಲು ಹೋದಳು.

“ಓದು ಹುಡುಗಿ.”

“ಜನವರೀಲಿ ಎಂಟು. ಈ ತಿಂಗಳು ಒಂದ್ಸಲ ಐದು, ಒಂದ್ಸಲ ಏಳು.” ಅವಳ ದನಿ ಇಳಿಯಿತು. “ಮೂರೂ ಸಲ ಒಂದೇ ಸಾಲು. ‘ಏನೂ ಹೇಳುವುದಿಲ್ಲ.’”

ಹೊರಗೆ ರೌನೊ ಯಾವುದೋ ಚಕ್ರದ ಬೋಲ್ಟು ಬಿಗಿಯುತ್ತಿದ್ದ. ಇಲ್ಪೊ ತನ್ನ ಎರಡೂ ಅಂಗೈಗಳನ್ನು ಮೇಜಿನ ಮೇಲೆ ಬಿಡಿಸಿಟ್ಟು ನೋಡಿದ. ನೋಡಲು ಮೊದಲಿನ ಹಾಗೇ ಇದ್ದವು.

“ಅದು ಹೇಳ್ತಾನೇ ಇತ್ತು ವೆನ್ಲಾ,” ಎಂದ. “ನನಗೇ ಕೇಳಿಸ್ಲಿಲ್ಲ.”

ನಮ್ಮ ಜನ ಇಂಥ ಹೊತ್ತಿನಲ್ಲಿ ಒಬ್ಬರನ್ನೊಬ್ಬರು ಮುಟ್ಟುವವರಲ್ಲ. ವೆನ್ಲಾ ಒಂದು ಲೋಟಕ್ಕೆ ಕಾಫಿ ಸುರಿದು ಅವನ ಮುಂದಿಟ್ಟಳು. ಇಲ್ಪೊ ಕಾರಿನ ಬೀಗದ ಕೈ ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟ, ಆದರೆ ಏಳಲಿಲ್ಲ.

“ಮೊದಲಿಂದ ಓದು,” ಎಂದ. “ಈ ವರ್ಷದ್ದು ಬಿಟ್ಟು.”

ಅವಳು ಕಡತವನ್ನು ಮತ್ತೆ ಬಿಚ್ಚಿ, ಮೊದಲ ಚಳಿಗಾಲದ ಹಾಳೆ ಹುಡುಕಿ, ಓದತೊಡಗಿದಳು.