ಡೈರಿ ಮಂಗಳಕ್ಕನ ಸ್ಕ್ರಿಪ್ಟು

ನಮ್ಮೂರ ಡೈರಿಯಲ್ಲಿ ಹಾಲು ಅಳೆಯುವವನು ನಾನು, ಹಾಲು ನೋಡುವವಳು ಮಂಗಳಕ್ಕ. ನಾನು ಕ್ಯಾನಿಗೆ ಸುರಿಯುವ ಮೊದಲು ಅವಳು ಒಂದಿಷ್ಟು ತೆಗೆದು ಮಷೀನಿನ ಮೂತಿಗೆ ಹಿಡಿಯುತ್ತಾಳೆ, ಕಂಪ್ಯೂಟರು ಚೀಟಿ ಕೊಡುತ್ತದೆ. ಮದ್ದೂರಿನಿಂದ ಮಳವಳ್ಳಿ ಕಡೆಗೆ ಹೊರಟರೆ ಇಂಥ ಡೈರಿ ಊರಿಗೊಂದು ಸಿಗುತ್ತದೆ. ಮಂಗಳಕ್ಕ ಮಾತ್ರ ಊರಿಗೊಬ್ಬಳು ಸಿಗುವುದಿಲ್ಲ. ನನಗೆ ಮೂಗಿನ ತುದಿಯಲ್ಲೇ ಸಿಟ್ಟು ಅಂತ ಊರವರು ಹೇಳುತ್ತಾರೆ, ಹೇಳಿಕೊಳ್ಳಲಿ. ಆದರೆ ಇಷ್ಟು ವರ್ಷ ಒಂದೇ ಮೇಜಿನ ಆಚೆ ಈಚೆ ನಿಂತು ಒಂದು ಸಲವೂ ನಾನು ಜಗಳದಲ್ಲಿ ಗೆಲ್ಲದ ಆಳು ಅಂದರೆ ಇವಳೇ.

ಅವಳು ಹುಟ್ಟಿದ್ದು ಬ್ಲಫಿನಲ್ಲಿ, ನೀರಿನಿಂದ ಕರೆಂಟು ತೆಗೆಯುವ ಪವರ್‌ಹೌಸಿನ ಊರು ಅದು. ಅಪ್ಪ ಮಾದಯ್ಯನವರಿಗೆ ಪವರ್‌ಹೌಸಿನಲ್ಲಿ ಕೆಲಸ, ಮೀಟರುಗಳ ಮುಂದೆ ಕೂರುವುದು. ಮುಳ್ಳು ಎಲ್ಲಿಗೆ ಬಂದರೆ ಯಾರನ್ನು ಕೂಗಬೇಕು ಅನ್ನುವುದು ಅಕ್ಷರ ಕಲಿಯುವ ಮೊದಲೇ ತನಗೆ ಗೊತ್ತಿತ್ತು ಅಂತ ಮಂಗಳಕ್ಕ ಹೇಳಿಕೊಳ್ಳುತ್ತಾಳೆ. ಪಿಯುಸಿಯಲ್ಲಿ ಇಂಗ್ಲಿಷು ಕೈಕೊಟ್ಟಿತು. ನಿಂಗಯ್ಯನನ್ನು ಮದುವೆಯಾಗಿ ನಮ್ಮೂರಿಗೆ ಬಂದಳು. ನಿಂಗಯ್ಯ ಟ್ರ್ಯಾಕ್ಟರು ಓಡಿಸುತ್ತಾನೆ, ಮಾತು ಕಡಿಮೆ. ಅವನ ಪಾಲಿನ ಮಾತನ್ನೂ ಇವಳೇ ಆಡಿ ಮುಗಿಸುತ್ತಾಳೆ.

ಅವಳು ಡೈರಿಗೆ ಸೇರಿದಾಗ ಮಷೀನು ಇರಲಿಲ್ಲ. ಗಾಜಿನ ಕೊಳವೆಗೆ ಆಸಿಡ್ಡು ಹಾಕಿ, ಹಾಲು ಹಾಕಿ, ಗಿರಗಿರ ತಿರುಗಿಸಿ ಹಾಲಿನ ಕೊಬ್ಬು, ಅಂದರೆ ಫ್ಯಾಟು, ಎಷ್ಟಿದೆ ಅಂತ ನೋಡಬೇಕಾಗಿತ್ತು. ಅವಳ ಆ ಕಾಲದ ಸೀರೆಗಳಲ್ಲಿ ತೂತಿಲ್ಲದ ಒಂದೂ ಉಳಿದಿಲ್ಲ. ಆಮೇಲೆ ಮಷೀನು ಬಂತು, ಕಂಪ್ಯೂಟರು ಬಂತು. ಅಂದಿನಿಂದ ಬೆಳಗ್ಗೆ ಸಂಜೆ ಅವಳ ಕಣ್ಣ ಮುಂದೆ ಓಡುವುದು ಒಂದೇ: 3.9, 4.1, 3.6. ಅಂಕಿ ದೊಡ್ಡದಾದರೆ ಹಾಲು ಒಳ್ಳೆಯದು. ಇದು ಅವಳ ರಕ್ತಕ್ಕೆ ಇಳಿದುಬಿಟ್ಟಿದೆ. ಮುಂದಿನ ಕಥೆಗೆ ಇದು ಬೇಕಾಗುತ್ತದೆ, ನೆನಪಿಟ್ಟುಕೊಳ್ಳಿ.

ಕಂಪ್ಯೂಟರಿನೊಳಗೆ ಹಾಲಿನ ಲೆಕ್ಕದ ಒಂದು ಪ್ರೋಗ್ರಾಮಿದೆ. ಅದನ್ನು ಮಾಡಿಕೊಟ್ಟ ಕಂಪನಿಯವರು ಆಗಾಗ ತಿದ್ದಿ ಹೊಸದು ಕಳಿಸುತ್ತಾರೆ. ಹಳೆಯದು ಯಾವುದು ಹೊಸದು ಯಾವುದು ಅಂತ ತಿಳಿಯಲು ಪ್ರತಿಯೊಂದಕ್ಕೂ ಒಂದು ನಂಬರು: 4.1, 4.2, 4.3, ಹೀಗೆ. ಅದನ್ನು ವರ್ಷನ್ ನಂಬರು ಅನ್ನುತ್ತಾರೆ. ಮೊದಲೆಲ್ಲ ಹೊಸದು ಹಾಕಬೇಕಾದರೆ ಮಂಡ್ಯದಿಂದ ಮೆಕ್ಯಾನಿಕ್ಕು ಬರಬೇಕಿತ್ತು. ಇವತ್ತು ಬರುತ್ತೇನೆ ಅಂದವನು ಮುಂದಿನ ವಾರ ಬರುತ್ತಿದ್ದ. ಬಂದವನು ಟೀ ಕುಡಿದು, ಪೆನ್‌ಡ್ರೈವ್ ಮರೆತು ಬಂದೆ ಅನ್ನುತ್ತಿದ್ದ. ನಾನೊಂದು ದಿನ ಅವನ ಬೈಕಿನ ಕೀಲಿ ಕಿತ್ತುಕೊಂಡೆ. ಮಂಗಳಕ್ಕ ಕೀಲಿ ವಾಪಸ್ ಕೊಡಿಸಿ ಅವನನ್ನು ಕಳಿಸಿದಳು. ಮಾರನೆಯ ದಿನದಿಂದ ಫೋನಿನಲ್ಲಿ ಅದೇನೋ ಪಾಠ ನೋಡಲು ಶುರು ಮಾಡಿದಳು. ಹಾಲು ಮುಗಿದ ಮೇಲೆ ಕಂಪ್ಯೂಟರಿನ ಮುಂದೆ ಕೂತು ಕುಟ್ಟುವುದು.

"ಏನ್ ಮಂಗಳಕ್ಕ ಅದು, ಆಗಿಂದ ಕುಟ್ತಾನೇ ಇದೀಯ?" ಅಂತ ಕೇಳಿದೆ.

"ಸ್ಕ್ರಿಪ್ಟು ಕಣ್ಲಾ ದೇವರಾಜ. ಪೈಥಾನ್ ಅಂತ ಒಂದ್ ಭಾಸೆ. ಈ ಭಾಸೇಲಿ ಬರ್ದಿಟ್ರೆ ನಾ ಯೋಳ್ದಂಗೆ ಕಂಪ್ಯೂಟ್ರು ಕೇಳ್ತದೆ."

"ನೀ ಯೋಳ್ದಂಗೆ ಕೇಳಾಕೆ ನಿಂಗಣ್ಣ ಇಲ್ವಾ? ಇನ್ನೊಂದ್ಯಾಕೆ?"

"ನಿಮ್ಮಣ್ಣನ್ಗೆ ಎಲ್ಡು ಸಲ ಯೋಳ್ಬೇಕು. ಇದ್ಕೆ ಒಂದೇ ಸಲ."

ಅವಳ ಸ್ಕ್ರಿಪ್ಟು ಮಾಡುವ ಕೆಲಸ ಇಷ್ಟೇ. ಬೆಳಗ್ಗೆ ಕಂಪ್ಯೂಟರು ಆನ್ ಆದ ಕೂಡಲೇ ಒಳಗಿರುವ ಪ್ರೋಗ್ರಾಮಿನ ನಂಬರು ನೋಡುತ್ತದೆ. ನೆಟ್ಟಿನಲ್ಲಿ ಕಂಪನಿಯವರು ಇಟ್ಟಿರುವ ನಂಬರು ನೋಡುತ್ತದೆ. ಅವರದು ದೊಡ್ಡದಿದ್ದರೆ ಎಳೆದು ತಂದು ಹಾಕಿಕೊಳ್ಳುತ್ತದೆ. ಇಲ್ಲದಿದ್ದರೆ 'ಇರುವುದೇ ಹೊಸದು' ಅಂತ ಕನ್ನಡದಲ್ಲೇ ಬರೆದು ತೋರಿಸುತ್ತದೆ. 4.2 ಬಂತು, ಹಾಕಿಕೊಂಡಿತು. 4.3 ಬಂತು, ಹಾಕಿಕೊಂಡಿತು. ಮೆಕ್ಯಾನಿಕ್ಕಿನ ಮುಖ ನೋಡುವುದು ತಪ್ಪಿತು. ಸುತ್ತಲಿನ ಡೈರಿಗಳವರೂ ಬಂದು ಅವಳ ಸ್ಕ್ರಿಪ್ಟನ್ನು ಕೇಳಿ ಹಾಕಿಸಿಕೊಂಡು ಹೋದರು. 4.9ರವರೆಗೆ ಒಂದು ಸಲವೂ ತಪ್ಪಲಿಲ್ಲ.

ಕಳೆದ ಬೇಸಿಗೆಯಲ್ಲಿ ಹಾಲು ನೋಡುವ ಮಷೀನು ಕೆಟ್ಟು ರಿಪೇರಿಗೆ ಹೋಯಿತು. ಒಳಗಿನ ಬೋರ್ಡು ಬದಲಾಯಿಸಿ ಒಂದು ಶನಿವಾರ ಮಧ್ಯಾಹ್ನ ತಂದುಕೊಟ್ಟರು. ಹೊಸ ಬೋರ್ಡಿಗೆ ಪ್ರೋಗ್ರಾಮಿನಲ್ಲೂ ಒಂದು ತಿದ್ದುಪಡಿ ಬೇಕು, ಕಂಪನಿಯವರು ಅದನ್ನು ನೆಟ್ಟಿಗೆ ಹಾಕುತ್ತಾರೆ ಅಂತ ತಂದವನು ಹೇಳಿದ. ಬಂದರೆ ನನ್ನ ಸ್ಕ್ರಿಪ್ಟೇ ನೋಡಿಕೊಳ್ಳುತ್ತದೆ ಅಂದಳು ಮಂಗಳಕ್ಕ.

ಅವತ್ತು ಸಂಜೆಯೇ ಬೆಳ್ಳಮ್ಮ ಹಾಲು ತಂದಳು. ಬೆಳ್ಳಮ್ಮ ಅಂದರೆ ಮೇಲಿನ ಬೀದಿಯ ಮುದುಕಿ. ಮಗ ಸೊಸೆ ಜೊತೆಯಲ್ಲೇ ಇದ್ದರೂ ಹಸು ಮಾತ್ರ ತನ್ನದು ಅಂತ ಬೇರೆ ಇಟ್ಟುಕೊಂಡಿದ್ದಾಳೆ. ಅದರ ಮೈ ತೊಳೆಯಲು ಸೊಸೆಯನ್ನೂ ಬಿಡುವುದಿಲ್ಲ. ಮಷೀನು ಫ್ಯಾಟಿನ ಜೊತೆಗೆ ಹಾಲಿನ ಗಟ್ಟಿಯನ್ನೂ ಹೇಳುತ್ತದೆ. ಅದಕ್ಕೊಂದು ಗೆರೆ ಇದೆ, ನೀರು ಬೆರೆಸಿದರೆ ಅಂಕಿ ಆ ಗೆರೆಯಿಂದ ಕೆಳಗೆ ಇಳಿಯುತ್ತದೆ, ಹಾಲು ವಾಪಸ್ಸು. ಬೆಳ್ಳಮ್ಮನ ಹಾಲು ಆವತ್ತು ಕೆಳಗೆ ಇಳಿದಿತ್ತು. ಮಂಗಳಕ್ಕ ಮಷೀನು ತೊಳೆದು ಮತ್ತೆ ನೋಡಿದಳು. ಅಷ್ಟೇ ಬಂತು.

"ಬೆಳ್ಳವ್ವ, ಗೆರೆಗಿಂತ ಕಮ್ಮಿ ಅದೆ. ತಕಳಾಕಾಗಾಕಿಲ್ಲ."

"ಕಮ್ಮಿ ಅಂದ್ರೆ?"

ಸಾಲಿನ ಹಿಂದಿನಿಂದ ಒಂದು ದನಿ ಬಂತು. "ಇವತ್ತು ನಲ್ಲೀಲಿ ನೀರ್ ಬಂದಿತ್ತಲ್ಲ, ಅದ್ಕೇಯ."

ನಾನು ಅಳತೆ ಪಾತ್ರೆ ಕುಕ್ಕಿದೆ. "ಯಾವನ್ಲಾ ಅದು? ಮುಂದಕ್ ಬಂದ್ ಮಾತಾಡು."

ಯಾರೂ ಬರಲಿಲ್ಲ. ಬೆಳ್ಳಮ್ಮ ಕ್ಯಾನಿನ ಮುಚ್ಚಳ ಹಾಕಿಕೊಂಡು ಹೋದಳು. ಮಾರನೆಯ ಬೆಳಗ್ಗೆ ಪಕ್ಕದ ಮನೆಯವರನ್ನು ಎದುರಿಗೆ ಕೂರಿಸಿಕೊಂಡು ಹಾಲು ಕರೆದು, ಅವರನ್ನೂ ಕರೆದುಕೊಂಡೇ ಬಂದಳು. ಮತ್ತೆ ಕಡಿಮೆ. ನಮ್ಮ ಡೈರಿ ಕಮಿಟಿಯವರು ಒಂದು ತೀರ್ಮಾನ ಮಾಡಿದ್ದಾರೆ, ಮೂರು ಸಲ ವಾಪಸ್ಸಾದರೆ ಆ ಮನೆಯ ಹಾಲನ್ನು ಮುಂದೆ ತೆಗೆದುಕೊಳ್ಳುವಂತಿಲ್ಲ. ಅಧ್ಯಕ್ಷ ಚಿಕ್ಕಬೋರಯ್ಯ ಅಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದ.

"ಕಂಪ್ಯೂಟ್ರು ಸುಳ್ ಯೋಳ್ತದಾ ಬೆಳ್ಳಮ್ಮ? ಸಂಜೀಕೂ ಇಂಗೇ ಆದ್ರೆ ಮೂರಾಯ್ತದೆ. ಆಮ್ಯಾಕೆ ನನ್ ಕೈಲಿಲ್ಲ."

"ನಮ್ಮಸ ನೀರು ಕುಡೀತದೆ ಅಧ್ಯಕ್ಷರೇ," ಅಂದಳು ಬೆಳ್ಳಮ್ಮ. "ಅದು ತಪ್ಪಾದ್ರೆ ಅದ್ನೇ ಬಂದ್ ಕೇಳಿ." ಆಮೇಲೆ ಮಂಗಳಕ್ಕನ ಕಡೆ ತಿರುಗಿದಳು. "ಸಂಜೀಕೆ ಮತ್ತೆ ತತ್ತೀನಿ. ಅಷ್ಟೊತ್ಗೆ ನಿನ್ ಮಿಸೀನ್ಗೆ ಕಣ್ ಕಾಣ್ತದಾ ನೋಡು ಮಂಗಳಿ."

ಕಂಪ್ಯೂಟರು ಹೇಳಿದ ಮೇಲೆ ಮುಗಿಯಿತು ಅನ್ನುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಆದರೆ ಕೂಗಾಡಿದರೆ ಮುದುಕಿಯ ಹೆಸರು ಉಳಿಯುವುದಿಲ್ಲವಲ್ಲ. ನಮ್ಮ ಕಡೆ ಹಾಲಿಗೆ ನೀರು ಹಾಕಿದಳು ಅನ್ನಿಸಿಕೊಂಡವಳು ಮತ್ತೆ ತಲೆಯೆತ್ತಿ ಡೈರಿ ಮೆಟ್ಟಿಲು ಹತ್ತುವುದುಂಟೇ.

ಮಂಗಳಕ್ಕ ಮನೆಗೆ ಹೋಗಲಿಲ್ಲ. ಮಷೀನು ಕೆಡುವ ಮೊದಲಿನ ಲೆಕ್ಕವನ್ನೂ ಈವತ್ತಿನದನ್ನೂ ಅಕ್ಕಪಕ್ಕ ತೆಗೆದು ನೋಡಿದಳು.

"ಎಲ್ರುದೂ ಇಳ್ದದೆ ಕಣ್ಲಾ. ಬೇರೇರುದು ಗೆರೆಗಿಂತ ಮ್ಯಾಕಿತ್ತು, ಇಳುದ್ರೂ ನಿಂತ್ಕತ್ತು. ಬೆಳ್ಳವ್ವಂದು ಮೊದ್ಲಿಂದ್ಲೂ ಗೆರೆಗೆ ತಾಕ್ದಂಗೇ ಇತ್ತು, ಅದ್ಕೆ ಬಿತ್ತು."

"ಅಂಗಾರೆ ಒಸ ಪ್ರೋಗ್ರಾಮು ಬಂದಿಲ್ಲ."

"ಬಂದಿದ್ರೆ ಸ್ಕ್ರಿಪ್ಟು ಆಕ್ಕತ್ತಿತ್ತು." ಪರದೆಯಲ್ಲಿ 'ಇರುವುದೇ ಹೊಸದು' ಅಂತ ಇತ್ತು. ಕಂಪನಿಯ ಪುಟ ತೆಗೆದಳು. ಅಲ್ಲಿ ಮೇಲುಗಡೆ 4.10 ಅಂತ ಇತ್ತು. "ನೋಡು, ಅವ್ರಿನ್ನೂ 4.1ರಲ್ಲೇ ಅವ್ರೆ. ನಮ್ತಾವು 4.9 ಅದೆ."

ನನಗೂ ಸರಿ ಅನ್ನಿಸಿತು. ನಮ್ಮ ಚೀಟಿಯಲ್ಲಿ 4.1 ಫ್ಯಾಟನ್ನು 4.10 ಅಂತಲೇ ಹೊಡೆಯುವುದು. ವರ್ಷಾನುಗಟ್ಟಲೆ ಅದನ್ನೇ ಹರಿದು ಹರಿದು ಜನರ ಕೈಗೆ ಕೊಟ್ಟಿದ್ದೇವೆ. ಕಂಪನಿಗೆ ಫೋನು ಮಾಡಿದಳು. ಭಾನುವಾರ. ಗಂಟೆ ಹೊಡೆದುಕೊಂಡು ಹೊಡೆದುಕೊಂಡು ನಿಂತಿತು.

ಮಧ್ಯಾಹ್ನ ಹೊನ್ನಯ್ಯ ಹಿಂಡಿ ಮೂಟೆ ತೆಗೆದುಕೊಂಡು ಹೋಗಲು ಬಂದ. ನನ್ನ ಗದ್ದೆ ಪಕ್ಕದ ಗದ್ದೆ ಅವನದು. ಅವತ್ತು ನಾಲೆಯಲ್ಲಿ ನೀರು ಬಿಟ್ಟಿದ್ದರು. ಮೊದಲೇ ಕುದಿಯುತ್ತಿದ್ದೆ, ಇವನ ಮುಖ ಕಂಡ ಕೂಡಲೇ ಉಕ್ಕಿತು.

"ನೀರು ಮೊದ್ಲು ನನ್ ಗದ್ದೆಗೆ ಬುಡ್ಬೇಕು ಒನ್ನಣ್ಣ. ನನ್ ಪೈರು ಒಣಗ್ತಾ ಅದೆ."

"ಒಣಗುದ್ರೆ ಒಣಗ್ಲಿ. ನಾಲೆ ನೀರು ಬುಡೋ ನೀರುಗಂಟಿ ಸರ್ವೆ ನಂಬರ್ ಇಡ್ಕಂಡು ಬತ್ತಾನೆ. ನಂದು ಅರವತ್ತೆರಡರ ಒಂಬತ್ತು, ನಿಂದು ಅರವತ್ತೆರಡರ ಅತ್ತು. ಒಂಬತ್ತಾದ್ಮ್ಯಾಲೆ ತಾನೇ ಕಣ್ಲಾ ಅತ್ತು ಬರೋದು? ಏಳ್ನೇ ಕ್ಲಾಸ್‌ಗಂಟ ಓಗಿದ್ದಲ್ಲ, ಏನ್ ಕಲ್ತೆ?"

ನಾನು ಪಂಚೆ ಎತ್ತಿಕಟ್ಟಿದೆ. ಅಷ್ಟರಲ್ಲಿ ಒಳಗಿನಿಂದ ಮಂಗಳಕ್ಕ ಎದ್ದು ಬಾಗಿಲಿಗೆ ಬಂದಳು.

"ಒನ್ನಣ್ಣ, ಇನ್ನೊಂದ್ ಸಲ ಯೋಳು."

"ಏನ? ಇವ್ನು ಏನೂ ಕಲೀನಿಲ್ಲ ಅಂತ್ಲಾ?"

"ಅದು ಊರ್ಗೇ ಗೊತ್ತು. ನಂಬರ್ ಯೋಳು. ಅರವತ್ತೆರಡರ ಅತ್ತು ಅಂದ್ರೆ ಅರವತ್ತೆರಡರ ಒಂದು ಅಲ್ಲ ತಾನೆ?"

ಹೊನ್ನಯ್ಯ ಇವಳಿಗೇನಾಯಿತು ಅನ್ನುವ ಹಾಗೆ ನನ್ನ ಮುಖ ನೋಡಿದ. "ಅರವತ್ತೆರಡರ ಒಂದು ಮೇಲ್ಗಡೆ ಕಾಮಾಕ್ಷಮ್ಮಂದು. ಮೊದ್ಲು ನೀರು ಅವ್ರಿಗೇ. ಅತ್ತು ಅಂದ್ರೆ ಅತ್ತು ಕಣಮ್ಮ. ಕೊನೇದು."

ಮಂಗಳಕ್ಕ ಒಳಗೆ ಹೋಗಿ ಕೂತಳು. ಜಗಳ ಅಲ್ಲಿಗೇ ಬಿಟ್ಟು ನಾನೂ ಹೋದೆ, ಮೂಟೆ ಹೊತ್ತುಕೊಂಡೇ ಹೊನ್ನಯ್ಯನೂ ಬಂದ.

"ಫ್ಯಾಟು ನೋಡ್ದಂಗೆ ನೋಡ್ಬುಟ್ಟಿದೀನಿ ಕಣ್ಲಾ," ಅಂದಳು. "ಕಂಪನಿಯೋರು ಒಂಬತ್ತಾದ್ಮ್ಯಾಲೆ ಅತ್ತು ಅಂತ ಎಣ್ಸವ್ರೆ. ನಾನು ಅದ್ನ ನಾಲ್ಕರ ಮ್ಯಾಲೆ ಒಂದ್ ಚೂರು ಅಂತ ತಿಳ್ಕಂಡು ಅಳೇದು ಅಂದ್ಕಂಡಿವ್ನಿ. ಸ್ಕ್ರಿಪ್ಟ್ಗೂ ಅದ್ನೇ ಕಲ್ಸಿವ್ನಿ. ಬೆಳಗ್ಗಿಂದ ಒಸದು ಬಾಗ್ಲಲ್ಲೇ ನಿಂತದೆ, ಇದು ಒಳೀಕೆ ಬುಟ್ಕಂಡಿಲ್ಲ."

ಮೊದಲು ಅವಳು ನಂಬರನ್ನು ನಂಬರು ಅಂತ ನೋಡಬೇಡ, ಬರಹ ಅಂತ ನೋಡು ಅಂತ ಬರೆದಳು. ಆಗಲೂ 'ಇರುವುದೇ ಹೊಸದು'. ಬರಹ ಅಂದರೆ ಅದು ಒಂದೊಂದೇ ಅಕ್ಷರ ಹೋಲಿಸುತ್ತದಂತೆ. ಚುಕ್ಕಿ ಆದ ಮೇಲೆ ಇಲ್ಲಿ ಒಂಬತ್ತು, ಅಲ್ಲಿ ಒಂದು. ಒಂದು ಚಿಕ್ಕದು ಅಂತ ಅಲ್ಲಿಗೇ ಮುಗಿಸಿಬಿಡುತ್ತದೆ, ಪಕ್ಕದ ಸೊನ್ನೆಯನ್ನು ಕಣ್ಣೆತ್ತಿಯೂ ನೋಡುವುದಿಲ್ಲ. ಮಂಗಳಕ್ಕ ಕಂಪ್ಯೂಟರಿಗೆ ಒಂದು ಮಾತು ಬೈದಳು. ಅದನ್ನು ಇಲ್ಲಿ ಬರೆಯಲಾಗುವುದಿಲ್ಲ.

ಆಮೇಲೆ ಬೆರಳಿಂದ ಮೇಜಿನ ಮೇಲೆ ಗೆರೆ ಎಳೆದು ತೋರಿಸಿದಳು. "ಚುಕ್ಕಿ ಇರೋ ಕಡೆ ತುಂಡ್ ಮಾಡ್ಬುಡೋದು. ನಾಲ್ಕು ಬ್ಯಾರೆ, ಅತ್ತು ಬ್ಯಾರೆ. ಎಲ್ಡೂನೂ ಇಡೀ ನಂಬರು. ಮೊದ್ಲು ಮುಂದ್ಲುದ್ದ ನೋಡು, ಅದು ಸಮ ಇದ್ರೆ ಹಿಂದ್ಲುದ್ದ ನೋಡು."

"ಮೊದ್ಲು ಸರ್ವೆ ನಂಬರ್ ಯಾವ್ದು ನೋಡು, ಆಮ್ಯಾಲೆ ಎಷ್ಟ್ನೇ ತುಂಡು ನೋಡು," ಅಂದ ಹೊನ್ನಯ್ಯ. "ನೀರುಗಂಟಿ ಮಾಡೋದೂ ಇದ್ನೇಯ."

"ಅದೇ ಕಣಣ್ಣ."

ಬರೆದಳು. ತಕ್ಷಣ ಓಡಿಸಲಿಲ್ಲ. ಮೊದಲು ಪರೀಕ್ಷೆ ಕೊಟ್ಟಳು. 4.9 ದೊಡ್ಡದೋ 4.10 ದೊಡ್ಡದೋ? 4.10 ಅಂದಿತು. 4.19ಕ್ಕೂ 5.0ಕ್ಕೂ? 5.0 ಅಂದಿತು. 4.10ಕ್ಕೂ 4.10.2ಕ್ಕೂ ಅಂತ ಕೇಳಿದಳು, ಒಂದಕ್ಕೆ ಬಾಲ ಇದೆ, ಇನ್ನೊಂದಕ್ಕೆ ಇಲ್ಲ. ಬಾಲ ಇಲ್ಲದ ಕಡೆ ಸೊನ್ನೆ ಅಂತ ತಿಳಿದುಕೋ ಅಂತ ಒಂದು ಸಾಲು ಸೇರಿಸಿದಳು. ಅದಕ್ಕೂ ಸರಿಯಾದ ಉತ್ತರ ಬಂತು. ಹೊನ್ನಯ್ಯ ಮೂಟೆ ಕೆಳಗಿಟ್ಟು, "ಅರವತ್ತೆರಡರ ಒಂಬತ್ತೂ ಅತ್ತೂ ಕೇಳು," ಅಂದ. ಅದನ್ನೂ ಕೇಳಿದಳು. ಹತ್ತು ಆಮೇಲಿನದು ಅಂತ ಕಂಪ್ಯೂಟರು ಅವನ ಕಡೆಗೇ ತೀರ್ಪು ಕೊಟ್ಟಿತು. ಆ ನಗು ನೋಡಬೇಕಿತ್ತು, ಹಲ್ಲೆಲ್ಲಾ ಕಾಣಿಸಿತು.

ಸ್ಕ್ರಿಪ್ಟು ಓಡಿಸಿದಳು. ಹೊಸದು ಇಳಿಯಿತು, ಕೂತುಕೊಂಡಿತು. ಬೆಳಗಿನ ಹಾಲಿನ ಸ್ಯಾಂಪಲ್ಲು ಫ್ರಿಜ್ಜಿನಲ್ಲಿತ್ತು, ತೆಗೆದು ಬೆಚ್ಚಗೆ ಮಾಡಿ ಮಷೀನಿಗೆ ಹಿಡಿದಳು. ಬೆಳ್ಳಮ್ಮನ ಹಾಲು ಗೆರೆಯ ಮೇಲೆ ಬಂತು. ತೀರಾ ಮೇಲಲ್ಲ, ಕೂದಲೆಳೆಯಷ್ಟು. ಆ ಹಸು ಯಾವತ್ತೂ ಕೊಡುವಷ್ಟೇ.

ಮಂಗಳಕ್ಕ ಊಟಕ್ಕೂ ಹೋಗದೆ ಪಕ್ಕದ ಊರಿನ ಡೈರಿಗಳಿಗೆಲ್ಲ ಫೋನು ಹಚ್ಚಿದಳು. "ನನ್ ಸ್ಕ್ರಿಪ್ಟು ತಪ್ಪದೆ, ಒಸದು ಕಳುಸ್ತಿವ್ನಿ, ಅಳೇದ್ನ ತಗ್ದಾಕು." ಒಬ್ಬೊಬ್ಬರಿಗೂ ಅದೇ ಮಾತು, ನಾಚಿಕೆ ಇಲ್ಲ, ಸುತ್ತಿ ಬಳಸಿ ಹೇಳುವುದಿಲ್ಲ. ನನ್ನದಾಗಿದ್ದರೆ ಬೋರ್ಡು ತಂದವನನ್ನೋ ಕಂಪನಿಯನ್ನೋ ಬೈದು ಮುಗಿಸುತ್ತಿದ್ದೆ.

ಸಂಜೆ ಸಾಲು ನಿಂತಿತು. ಚಿಕ್ಕಬೋರಯ್ಯ ಕುರ್ಚಿ ಹಾಕಿಸಿಕೊಂಡ. ಬೆಳ್ಳಮ್ಮ ಕ್ಯಾನು ಸೊಂಟಕ್ಕೆ ಒತ್ತಿಕೊಂಡು ಎಲ್ಲರಿಗಿಂತ ಹಿಂದೆ ನಿಂತಿದ್ದಳು. ಮಂಗಳಕ್ಕ ಮೇಜು ಬಿಟ್ಟು ಎದ್ದು ಹೋಗಿ ಅವಳ ಕೈಹಿಡಿದು ಮುಂದಕ್ಕೆ ಕರೆತಂದಳು.

"ಎಲ್ಲಾರೂ ಕೇಳುಸ್ಕಳಿ," ಅಂದಳು. "ಬೆಳ್ಳವ್ವನ ಆಲಲ್ಲಿ ನೀರಿರ್ನಿಲ್ಲ. ತಪ್ಪು ಇದ್ದುದ್ದು ನಾನ್ ಬರ್ದಿದ್ರಲ್ಲಿ. ನಿನ್ನೆ ನಲ್ಲಿ ನೀರು ಅಂದೋರ್ಯಾರೋ, ಅವ್ರ ಆಲೂ ನಿನ್ನೆ ಇಳ್ದಿತ್ತು. ಯಾರ್ದು ಎಷ್ಟು ಅಂತ ಓದ್ಲಾ?"

ಚಿಕ್ಕಬೋರಯ್ಯ ಕುರ್ಚಿಯಿಂದ ಎದ್ದು, "ಓದೋದೇನೂ ಬ್ಯಾಡ, ಆ ಎಲ್ಡು ವಾಪಸ್ಸೂ ತಗ್ದಾಕು," ಅಂದ.

ಹಾಲು ಮಷೀನಿಗೆ ಹೋಯಿತು. ಚೀಟಿ ಬಂತು. ನಾನು ಕ್ಯಾನಿಗೆ ಸುರಿದೆ. ಬೆಳ್ಳಮ್ಮ ಚೀಟಿಯನ್ನು ಓದಲು ಬರದಿದ್ದರೂ ಉದ್ದಕ್ಕೆ ಹಿಡಿದು ನೋಡಿ, ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಏನಾಗಿತ್ತೇ ಅದ್ಕೆ?"

"ಒಂಬತ್ತಾದ್ಮ್ಯಾಲೆ ಅತ್ತು ಅಂತ ಗೊತ್ತಿರ್ನಿಲ್ಲ ಕಣವ್ವ."

"ಅಷ್ಟ್ ದುಡ್ಡಿನ್ ಕಂಪ್ಯೂಟ್ರು, ಅತ್ತರ್ಗಂಟ ಎಣ್ಸಾಕ್ ಬರಾಕಿಲ್ವಾ?"

"ಅದ್ಕ್ ಬತ್ತದೆ. ನಾನೇ ಸರ್ಯಾಗ್ ಕಲ್ಸಿರ್ನಿಲ್ಲ."

"ಈಗ?"

"ಈಗ ಕಲ್ಸಿವ್ನಿ. ಸುತ್ತಿನ್ ಊರ್ಗೆಲ್ಲಾ ಕಲ್ಸಿವ್ನಿ."

"ಅಂಗಾರೆ ನಾಳೆ ಒತ್ತಾರೆ ತತ್ತೀನಿ ಬುಡು," ಅಂದು ಬೆಳ್ಳಮ್ಮ ಮೆಟ್ಟಿಲಿಳಿದಳು. ಬರುವಾಗ ಸೊಂಟಕ್ಕೆ ಒತ್ತಿಕೊಂಡಿದ್ದ ಕ್ಯಾನನ್ನು ಹೋಗುವಾಗ ಬೀಸಿಕೊಂಡು ಹೋದಳು.

ಈಗ ನಮ್ಮ ಡೈರಿಯಲ್ಲಿ 4.13 ಓಡುತ್ತಿದೆ. ಹೊಸ ನಂಬರು ಬಂದಾಗಲೆಲ್ಲ ಮಂಗಳಕ್ಕ ಸ್ಕ್ರಿಪ್ಟಿನ ಮೇಲೆ ಬಿಟ್ಟು ಸುಮ್ಮನಿರುವುದಿಲ್ಲ, ತಾನೂ ಒಂದು ಸಲ ಕಣ್ಣಿಟ್ಟು ನೋಡುತ್ತಾಳೆ. ತಿಂಗಳಿಗೊಂದು ಭಾನುವಾರ ಅಕ್ಕಪಕ್ಕದ ಡೈರಿಗಳಲ್ಲಿ ಹಾಲು ನೋಡುವ ಹೆಂಗಸರು ಬಂದು ಅವಳ ಹತ್ತಿರ ಕೂತು ಕುಟ್ಟಲು ಕಲಿಯುತ್ತಾರೆ. ಅವರಿಗೆ ಮೊದಲ ಪಾಠ ಹೊನ್ನಯ್ಯನ ಗದ್ದೆಯದೇ.

ಅವತ್ತು ನೀರು ಮೊದಲು ಕಾಮಾಕ್ಷಮ್ಮನ ಗದ್ದೆಗೆ ಹೋಯಿತು, ಸಾಲಾಗಿ ಇಳಿದು ಹೊನ್ನಯ್ಯನ ಗದ್ದೆಗೆ ಬಂತು, ಕೊನೆಗೆ ನನ್ನದಕ್ಕೆ. ನಾನು ಬದುವಿನ ಮೇಲೆ ಸನಿಕೆ ಊರಿಕೊಂಡು ಬಾಯಿ ಮುಚ್ಚಿಕೊಂಡು ಕಾದೆ. ತಡವಾದರೂ ನನ್ನ ಗದ್ದೆ ತುಂಬಿತು.