ಆರನೇ ಮಳಿಗೆಯ ಚಿಕ್ಕಮ್ಮ

ನಮ್ಮ ಚಿಕ್ಕಮ್ಮನಿಗೆ ಮೂಗಿನ ತುದಿಯಲ್ಲೇ ಕೋಪ. ಅವಳ ಹೊಲಿಗೆಯ ನಯ ನೋಡಿದವರು ಮಾತ್ರ ಅದನ್ನು ನಂಬುವುದಿಲ್ಲ. ಪುರಸಭೆಯ ಮಳಿಗೆಗಳ ಸಾಲಿನಲ್ಲಿ ಕೊನೆಯದು, ಆರನೆಯದು, ಅವಳದಾಗಿತ್ತು. ಹದಿನೇಳು ವರ್ಷ ಅದೇ ಕಿಟಕಿ, ಕಾಲಲ್ಲಿ ತುಳಿಯುವ ಅದೇ ಮೆಷಿನ್. ಪರವಾನಗಿ ವರ್ಷ ವರ್ಷ ಹೊಸದಾಗಬೇಕು, ಅದಕ್ಕೆ ವಾರ್ಡಿನ ಮೆಂಬರ್ ಶಿಫಾರಸು ಬೇಕು. ಹಾಗಾಗಿ ಮೆಂಬರ್ ಕೆಮ್ಮಿದರೆ ಸಾಲಿಗೆ ಸಾಲೇ ಕೆಮ್ಮುತ್ತಿತ್ತು.

ಕಳೆದ ಚುನಾವಣೆಗೆ ನಾಮಪತ್ರ ಸಲ್ಲಿಸುವ ಹಿಂದಿನ ದಿನ ಮೆಂಬರ್ ಹಳದಿ ಪಕ್ಷದಿಂದ ನೇರಳೆ ಪಕ್ಷಕ್ಕೆ ಹಾರಿದ. ಬೆಳಗಾಗುವಷ್ಟರಲ್ಲಿ ಐದು ಮಳಿಗೆಗಳ ಬಾವುಟ ಬದಲಾಗಿದ್ದವು. ಚಿಕ್ಕಮ್ಮನ ಮಳಿಗೆಯಲ್ಲಿ ಬದಲಾಯಿಸಲು ಬಾವುಟವೇ ಇರಲಿಲ್ಲ. ಅವಳು ಎಲ್ಲ ಪಕ್ಷದವರಿಗೂ ಹೊಲಿಯುತ್ತಿದ್ದಳು, ಯಾರದ್ದನ್ನೂ ಬಾಗಿಲಿಗೆ ಕಟ್ಟುತ್ತಿರಲಿಲ್ಲ.

ಮೆಂಬರ್ ಇನ್ನೂರು ಹಳದಿ ಶಾಲುಗಳನ್ನು ಮೂಟೆ ಕಟ್ಟಿ ತಂದು, ಒಂದು ಬದಿಗೆ ನೇರಳೆ ಬಟ್ಟೆ ಹಚ್ಚಿಕೊಡು ಎಂದ. ಇನ್ನೆರಡು ದಿನ ಕೊಟ್ಟರೆ ಎರಡೂ ಬದಿ ಮುಚ್ಚುತ್ತೇನೆ, ಇಲ್ಲದಿದ್ದರೆ ಹಳೆಯ ಬಣ್ಣ ಕಾಣುತ್ತದೆ ಎಂದಳು ಇವಳು. ಒಳಬದಿಯನ್ನು ಯಾರು ನೋಡುತ್ತಾರೆ ಎಂದು ಅವನು ಹೊರಟೇಹೋದ. ಹೇಳಿದ ಹಾಗೆ ಹೊಲಿದುಕೊಟ್ಟಳು.

ಸಭೆಯ ದಿನ ಕಾರ್ಯಕರ್ತರು ಶಾಲು ಹೊದ್ದರು. ಹತ್ತು ವರ್ಷದ ಅಭ್ಯಾಸ ನೋಡಿ, ಅರ್ಧಕ್ಕರ್ಧ ಮಂದಿ ಹಳದಿಯನ್ನೇ ಹೊರಗೆ ಮಾಡಿಕೊಂಡಿದ್ದರು. ವೇದಿಕೆ ಹತ್ತಿದ ಮೆಂಬರ್ ನೇರಳೆ ಅಲೆ ಎದ್ದಿದೆ ಎಂದಾಗ ಜನ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ, ಸುಳ್ಳೇಕೆ ಹೇಳಲಿ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಮೆಂಬರ್ ತಪ್ಪನ್ನೆಲ್ಲ ಚಿಕ್ಕಮ್ಮನ ತಲೆಗೆ ಕಟ್ಟಿದ. ಬೇಕೆಂದೇ ಮಾಡಿದ್ದೀಯ, ನಾಲ್ಕು ಜನರೆದುರು ಒಪ್ಪಿಕೊಂಡು ಬಾಗಿಲಿಗೆ ನೇರಳೆ ಬಾವುಟ ಕಟ್ಟು, ಇಲ್ಲದಿದ್ದರೆ ಮಳಿಗೆ ಮರೆತುಬಿಡು ಎಂದು ಹೇಳಿ ಹೋದ.

ಮನೆಯಲ್ಲಿ ಚಿಕ್ಕಪ್ಪ ಊಟ ಬಿಟ್ಟು ಕೂತರು. "ಗಾಳಿ ಬಂದಾಗ ತೂರಿಕೋಬೇಕು ಕಣೇ," ಎಂದರು.

"ತೂರಿದ್ರೆ ಹಾರಿಹೋಗೋದು ಹೊಟ್ಟು," ಎಂದಳು ಚಿಕ್ಕಮ್ಮ. "ಕಾಳು ನಿಂತಲ್ಲೇ ಬೀಳುತ್ತೆ."

ನಾನು ಚಿಕ್ಕಪ್ಪನ ಪರ ಮಾತಾಡಿದೆ. ಒಂದು ತುಂಡು ಬಟ್ಟೆ ಕಟ್ಟಿದರೆ ನಿನ್ನ ಗಂಟೇನು ಹೋಗುತ್ತೆ ಎಂದೆ. ಇವತ್ತಿಗೂ ಆ ಮಾತು ನೆನೆದರೆ ನಾಚಿಕೆಯಾಗುತ್ತದೆ.

ಮೆಂಬರ್ ಹತ್ತೊಂಬತ್ತು ಮತದಿಂದ ಗೆದ್ದ. ಮೂರನೇ ದಿನ ನೋಟಿಸ್ ಬಂತು: ಮೆಂಬರ್ ಶಿಫಾರಸು ಇಲ್ಲದ್ದರಿಂದ ವಾರದೊಳಗೆ ಮಳಿಗೆ ಖಾಲಿ ಮಾಡಬೇಕು.

ಅದರ ಮರುದಿನ ಸೋತ ಹಳದಿ ಅಭ್ಯರ್ಥಿ ಒಂದು ಹಳದಿ ಶಾಲು ಹಿಡಿದು ನಗುತ್ತಾ ಮಳಿಗೆಗೆ ಬಂದ. ಪುರಸಭೆಯಲ್ಲಿ ಬಹುಮತ ನಮ್ಮದೇ, ಈ ಶಾಲು ಹೊದ್ದು ಒಂದು ಫೋಟೋ ತೆಗೆಸಿಕೊಂಡರೆ ಸಾಕು, ನೋಟಿಸ್ ಹರಿದು ಹಾಕಿಸುತ್ತೇನೆ ಎಂದ. ಚಿಕ್ಕಪ್ಪ ಕಣ್ಣಲ್ಲೇ ಬೇಡಿಕೊಂಡರು. ಚಿಕ್ಕಮ್ಮ ಶಾಲು ತೆಗೆದುಕೊಂಡು, ಅಂಚಿನ ಹೊಲಿಗೆ ಎಳೆದು ನೋಡಿ, ಮಡಚಿ ಅವನ ಕೈಗೇ ಇಟ್ಟಳು.

"ಅವರು ಹೆದರಿಸಿ ಕಟ್ಟು ಅಂದ್ರು, ನೀವು ನಕ್ಕು ಹೊದ್ಕೋ ಅಂತೀರಿ. ನನಗೆ ಎರಡೂ ಒಂದೇ. ಹೋಗ್ಬನ್ನಿ."

ಏಳನೇ ದಿನ ಮೆಷಿನ್ನಿನ ತಲೆ ಬಿಚ್ಚಿ ನಾನು ಹೊತ್ತೆ, ಸ್ಟ್ಯಾಂಡನ್ನು ಚಿಕ್ಕಪ್ಪ ಎಳೆದರು. ಸಾಲಿನ ಐವರೂ ತಲೆ ಎತ್ತಿ ನೋಡಲಿಲ್ಲ. ನನಗೆ ಅಳು ಬಂತು, ಅದು ಸಿಟ್ಟಿನ ಅಳು. ಚಿಕ್ಕಮ್ಮ ಬಾಗಿಲಿಗೆ ಬೀಗ ಹಾಕಿ, ಕೀಲಿಯನ್ನು ಪುರಸಭೆಯ ಗುಮಾಸ್ತನಿಗೆ ಕೊಟ್ಟು, ರಸೀದಿ ಬರೆಸಿಕೊಂಡೇ ಬಂದಳು.

ಮೆಷಿನ್ ಈಗ ಮನೆಯ ಮುಂದಿನ ಕೋಣೆಯಲ್ಲಿ ಕೂತಿದೆ. ಅಲ್ಲಿಗೆ ಬಂದ ಮೊದಲ ಗಿರಾಕಿ ಮೆಂಬರ್ ಹೆಂಡತಿ. ನಾಡಿದ್ದು ಗಂಡನ ಪ್ರಮಾಣವಚನ, ಅಂಗಿ ಹೊಟ್ಟೆಯ ಹತ್ತಿರ ಹಿಡಿಯುತ್ತಿದೆ, ಬೇರೆಯವರ ಕೈಗೆ ಕೊಡಲು ಧೈರ್ಯವಿಲ್ಲ ಎಂದರು ತಲೆ ತಗ್ಗಿಸಿ. ಚಿಕ್ಕಮ್ಮ ಅಂಗಿ ಇಸಿದುಕೊಂಡು ಹೊಲಿಗೆ ಬಿಚ್ಚತೊಡಗಿದಳು.

"ನಾಳೆ ಸಂಜೆಗೆ ಬನ್ನಿ, ಸಡಿಲ ಮಾಡಿರ್ತೀನಿ. ಮಳಿಗೆ ಹೋಯ್ತು, ಕೈ ಹೋಗಿಲ್ಲ ಅಂತ ಅವರಿಗೆ ಹೇಳಿ."